ಕೊಡಗಿನಲ್ಲಿ ಹೊಲಿಗೆ ಸಾಮಾನು: ಪೇಟೆ, ಸಂತೆ, ಮೈಸೂರು, ಆನ್‌ಲೈನ್, ಯಾವುದಕ್ಕೆ ಎಲ್ಲಿಗೆ ಹೋಗಬೇಕು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ, ಎಲ್ಲಿ ಬಸ್ ಇಳಿದರೂ ಬಟ್ಟೆ ಅಂಗಡಿಗೇನೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ರೆಡಿಮೇಡ್. ಥಾನು ಬಿಚ್ಚಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ, ಪಕ್ಕದ ಕಪಾಟಿನಲ್ಲೇ ದಾರ, ಹುಕ್ಕು, ಲೈನಿಂಗ್, ಫಾಲ್ ಇಟ್ಟುಕೊಂಡಿರುವ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿವೆ. ಮ್ಯಾಚಿಂಗ್ ಸೆಂಟರ್ ಎಂಬ ಬೋರ್ಡು ಇದ್ದ ಕಡೆ ಈಗ ಮೊಬೈಲ್ ಕವರ್, ಹೋಮ್‌ಮೇಡ್ ಚಾಕೊಲೇಟ್, ಮಸಾಲೆ ಪೊಟ್ಟಣ. ಕಾರಣ ಗುಟ್ಟೇನಲ್ಲ. ಟೂ ಬೈ ಟೂ ರೂಬಿಯಾ ಬ್ಲೌಸ್ ಪೀಸನ್ನೇ ತೆಗೆದುಕೊಳ್ಳಿ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದರೆ ನೂರಾರು ಶೇಡ್ ಇಡಬೇಕು. ಅದರಲ್ಲಿ ಕಪ್ಪು, ಬಿಳಿ, ಮರೂನ್, ಕ್ರೀಮ್ ಓಡುತ್ತವೆ, ಉಳಿದದ್ದು ವರ್ಷಗಟ್ಟಲೆ ಕೂರುತ್ತದೆ. ಕೂತ ಮಾಲಿಗೆ ಆಷಾಢದ ತೇವಕ್ಕೆ ಮಡಿಕೆಯ ಗೆರೆಯುದ್ದಕ್ಕೂ ಬೂಷ್ಟು ಹಿಡಿಯುತ್ತದೆ. ಪ್ರವಾಸಿಗರನ್ನು ನಂಬಿದ ಅಂಗಡಿ ಕೊಡುವ ಬಾಡಿಗೆಯನ್ನು ಹುಕ್ಕು, ಗುಂಡಿ ಮಾರಿ ಹುಟ್ಟಿಸುವುದು ಸಾಧ್ಯವಿಲ್ಲ.

ಈಗ ಉಳಿದಿರುವ ದಾರಿ ನಾಲ್ಕು: ಪೇಟೆಯ ಫ್ಯಾನ್ಸಿ ಸ್ಟೋರ್, ವಾರದ ಸಂತೆ, ಮೈಸೂರು, ಆನ್‌ಲೈನ್. ನಾಲ್ಕಕ್ಕೂ ನಕ್ಷತ್ರ ಹಂಚುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಒಂದು ಸಾಮಾನಿಗೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದು. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ನಂಬರ್ ಹೇಳಿ ಕೊಳ್ಳಬಹುದಾದ ಸಾಮಾನು, ಅಂದರೆ ಸೂಜಿ, ಬಾಬಿನ್ (ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆ), ಜಿಪ್, ಮಷೀನಿನ ಬಿಡಿಭಾಗ, ಇವನ್ನು ಧೈರ್ಯವಾಗಿ ಆನ್‌ಲೈನ್‌ನಲ್ಲಿ ತರಿಸಿ. ಕಣ್ಣಿಗೆ ಹೊಂದಬೇಕಾದದ್ದನ್ನು, ಕೈಯಲ್ಲಿ ಎಳೆದು ನೋಡಬೇಕಾದದ್ದನ್ನು, ಅಂದರೆ ದಾರದ ಬಣ್ಣ, ಲೈನಿಂಗ್, ಫಾಲ್, ಎಲಾಸ್ಟಿಕ್, ಹುಕ್ಕು, ಇವನ್ನು ಅಂಗಡಿಯಲ್ಲೇ ಕೊಳ್ಳಿ. ಜನ ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು: ಸೂಜಿಗೆಂದು ಪೇಟೆಯೆಲ್ಲ ಸುತ್ತುತ್ತಾರೆ, ದಾರದ ಬಣ್ಣವನ್ನು ಮೊಬೈಲ್ ಪರದೆ ನೋಡಿ ಆರಿಸುತ್ತಾರೆ. ಎರಡೂ ಕೈಕೊಡುತ್ತವೆ.

ಸೂಜಿಯಿಂದ ಶುರು ಮಾಡೋಣ. ಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ಮಷೀನ್ ಸೂಜಿ ಕೇಳಿದರೆ ಸಿಗುವುದು ಹೆಚ್ಚಾಗಿ 16ನೇ ನಂಬರ್. ಅದು ಎಲ್ಲದಕ್ಕೂ ನಡೆಯುತ್ತದೆ ಎಂಬ ನಂಬಿಕೆ ತಪ್ಪು. ರೇಷ್ಮೆ, ಜಾರ್ಜೆಟ್‌ಗೆ 9 (ಪೊಟ್ಟಣದ ಮೇಲೆ 65 ಎಂದೂ ಇರುತ್ತದೆ), ರೂಬಿಯಾ, ತೆಳು ಹತ್ತಿಗೆ 11 (75), ಶಾಲೆ ಯೂನಿಫಾರ್ಮ್, ಪ್ಯಾಂಟ್ ಬಟ್ಟೆಗೆ 14 (90), ಕುಪ್ಯಕ್ಕೆ (ಕೊಡವ ಗಂಡಸರ ಉದ್ದ ಕೋಟು) ಬಳಸುವಂಥ ದಪ್ಪ ಕಪ್ಪು ಬಟ್ಟೆಗೆ, ಜೀನ್ಸ್‌ಗೆ 16 (100), ಬ್ಯಾಗ್ ಕ್ಯಾನ್ವಾಸಿಗೆ 18 (110). ರೇಷ್ಮೆ ಬ್ಲೌಸಿಗೆ 16ರ ಸೂಜಿ ಹಾಕಿದರೆ ಹೊಲಿಗೆಯುದ್ದಕ್ಕೂ ತೂತು ಕಾಣುತ್ತದೆ, ಬಿಚ್ಚಿದರೂ ಆ ತೂತು ಮುಚ್ಚುವುದಿಲ್ಲ. ಟೀ ಶರ್ಟ್ ಥರದ ಹೆಣಿಗೆ ಬಟ್ಟೆಗೆ ಬಾಲ್ ಪಾಯಿಂಟ್ ಸೂಜಿಯೇ ಬೇಕು, ಚೂಪು ಸೂಜಿ ಎಳೆಯನ್ನು ಕಡಿದು, ನಾಲ್ಕು ಸಲ ಒಗೆದ ಮೇಲೆ ಓಟೆ ಬೀಳಿಸುತ್ತದೆ.

ನಂಬರಿಗಿಂತ ಮುಖ್ಯ ಸೂಜಿಯ ಜಾತಿ. ಮನೆ ಮಷೀನಿಗೆ, ಅದು ಕಾಲಲ್ಲಿ ತುಳಿಯುವ ಕಪ್ಪು ಮಷೀನಾಗಲಿ, ಬಿಳಿ ಪ್ಲಾಸ್ಟಿಕ್ ಮೈಯ ಆಟೋಮ್ಯಾಟಿಕ್ ಆಗಲಿ, ಬೇಕಾದದ್ದು ಎಚ್‌ಎ 1. ಇದರ ಬುಡದಲ್ಲಿ ಒಂದು ಬದಿ ಚಪ್ಪಟೆ. ಟೈಲರ್ ಅಂಗಡಿಯ ಪವರ್ ಮಷೀನಿಗೆ ಡಿಬಿ 1, ಬುಡ ಪೂರ್ತಿ ಗುಂಡು. ಡಿಬಿ ಸೂಜಿಯ ಬುಡ 1.62 ಮಿ.ಮೀ. ದಪ್ಪ, ಎಚ್‌ಎಯದ್ದು 2 ಮಿ.ಮೀ. ಆದ್ದರಿಂದ ಗುಂಡು ಸೂಜಿ ಮನೆ ಮಷೀನಿನೊಳಗೆ ಹೋಗುತ್ತದೆ, ಸ್ಕ್ರೂ ಕೂಡ ಹಿಡಿದಂತೆ ಕಾಣುತ್ತದೆ, ಆದರೆ ಉದ್ದವೂ ಬೇರೆ, ಕೂರುವ ಜಾಗವೂ ಬೇರೆ. ಶಟ್ಲಿನ ಕೊಕ್ಕೆಗೆ ದಾರದ ಕುಣಿಕೆ ಸಿಗದೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಮಷೀನೇ ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಸೂಜಿ ಬಿಚ್ಚಿ ಬುಡ ನೋಡಿ. ಆನ್‌ಲೈನ್ ಮಾರಾಟಗಾರರು ಚಿತ್ರದಲ್ಲಿ ಪೊಟ್ಟಣ ತೋರಿಸಿ, ಬರಹದಲ್ಲಿ ಜಾತಿಯ ಹೆಸರೇ ಹಾಕದಿರುವುದುಂಟು. ಎಚ್‌ಎ ಅಥವಾ ಡಿಬಿ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಕೊಳ್ಳಬೇಡಿ. ಬಂದ ಸೂಜಿಯ ಬುಡದಲ್ಲಿ ನಂಬರ್ ಕೊರೆದಿರಬೇಕು, ಉಗುರಿನ ಮೇಲೆ ಮೊನೆ ಎಳೆದರೆ ಗೀರು ಬೀಳಬಾರದು.

ಬಾಬಿನ್ ಕೂಡ ಹೀಗೇ. ಕಪ್ಪು ಮಷೀನಿನ ಕಬ್ಬಿಣದ ಬಾಬಿನ್ ಎತ್ತರ ಸುಮಾರು 11.7 ಮಿ.ಮೀ., ಪವರ್ ಮಷೀನಿನದ್ದು 9 ಮಿ.ಮೀ. ಹತ್ತಿರ. ಕಣ್ಣಿಗೆ ಒಂದೇ ಥರ ಕಾಣುವ ಇವೆರಡನ್ನು ಡಬ್ಬಿಯಲ್ಲಿ ಕಲಸಿ ಇಟ್ಟರೆ ಕೆಳಗಿನ ದಾರ ಬಿಗಿಯುವುದೇ ಇಲ್ಲ. ಮೇಲಿನಿಂದ ಬಾಬಿನ್ ಇಳಿಸುವ ಆಟೋಮ್ಯಾಟಿಕ್ ಮಷೀನಿಗೆ ಅದರದೇ ಪ್ಲಾಸ್ಟಿಕ್ ಬಾಬಿನ್ ಹಾಕಿ, ಕಬ್ಬಿಣದ್ದು ಹಾಕಿದರೆ ಒಳಗಿನ ತೊಟ್ಟಿಲು ಸವೆಯುತ್ತದೆ. ಕಪ್ಪು ಮಷೀನಿನ ವಿಷಯದಲ್ಲಿ ಒಂದು ಸಮಾಧಾನವಿದೆ. ಉಷಾ, ಸಿಂಗರ್, ಮೆರಿಟ್, ರೀಟಾ, ಹೆಸರು ಯಾವುದಾದರೂ ಹಳೆಯ ಒಂದೇ ಮಾದರಿಯ ಮೇಲೆ ನಿಂತಿರುವುದರಿಂದ ಬಾಬಿನ್ ಕೇಸ್, ಶಟ್ಲ್, ಪ್ರೆಸ್ಸರ್ ಫೂಟ್ ಬಹುಪಾಲು ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರಿನಲ್ಲಿ ಬಂದಾಗ ಅದರ 18 ಕಸುಬುಗಳಲ್ಲಿ ದರ್ಜಿಯೂ ಸೇರಿ, ಉಪಕರಣಕ್ಕೆ 15,000 ರೂ. ನೆರವು ಸಿಗುವಂತಾಯಿತು. ಒಳ್ಳೆಯ ಕೆಲಸ. ಆದರೆ ಮಷೀನ್ ಹಾಡಿಗೆ (ಆದಿವಾಸಿಗಳ ವಸತಿಗೆ) ಬಂದು ಕೂತ ಮೇಲೆ ಅದರ ಬಾಬಿನ್ ಕೇಸಿನ ಸ್ಪ್ರಿಂಗ್ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಹೇಳುವವರಿಲ್ಲ. ಅಂಥದ್ದಕ್ಕೆ ಆನ್‌ಲೈನ್ ನಿಜವಾಗಿಯೂ ಕೈಹಿಡಿಯುತ್ತದೆ.

ಜಿಪ್‌ಗೂ ನಂಬರೇ ಆಧಾರ. ಬಾಯಿ ಮುಚ್ಚಿದಾಗ ಹಲ್ಲಿನ ಅಗಲ ಎಷ್ಟು ಮಿಲಿಮೀಟರ್ ಎಂಬುದನ್ನು ಅದು ಹೆಚ್ಚುಕಡಿಮೆ ಹೇಳುತ್ತದೆ: ಚೂಡಿದಾರ್, ಲಂಗಕ್ಕೆ 3, ಜರ್ಕಿನ್, ಶಾಲೆ ಬ್ಯಾಗಿಗೆ 5. ಜಿಪ್ ಕೆಟ್ಟಿತೆಂದರೆ ಸಾಮಾನ್ಯವಾಗಿ ಸವೆದಿರುವುದು ರನ್ನರ್, ಹಲ್ಲಲ್ಲ. ರನ್ನರಿನ ಬೆನ್ನಿನ ಮೇಲೆ ನಂಬರ್ ಇರುತ್ತದೆ, ಅದನ್ನು ಓದಿ ಅದೇ ನಂಬರಿನ, ಅದೇ ಜಾತಿಯ ರನ್ನರ್ ತರಿಸಿದರೆ ಜರ್ಕಿನ್ ಇನ್ನೂ ಕೆಲವು ಮಳೆಗಾಲ ಬಾಳುತ್ತದೆ. ಜಾತಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: 5ನೇ ನಂಬರಿನ ನೈಲಾನ್ ರನ್ನರ್ 5ನೇ ನಂಬರಿನ ಲೋಹದ ಹಲ್ಲಿಗೆ ಓಡುವುದಿಲ್ಲ. ಉದ್ದ ಸಿಗದಿದ್ದರೆ ಉದ್ದದ್ದನ್ನೇ ತರಿಸಿ. ನೈಲಾನ್ ಆದರೆ ಬೇಕಾದ ಜಾಗದಲ್ಲಿ ಹತ್ತಾರು ಸಲ ಅಡ್ಡ ಹೊಲಿಗೆ ಹಾಕಿ, ಅದರ ಕೆಳಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಲೋಹದ್ದಕ್ಕೆ ಕತ್ತರಿ ಹಾಕಬೇಡಿ, ಇಕ್ಕಳದಲ್ಲಿ ಹಲ್ಲು ಕಿತ್ತು ಸ್ಟಾಪರ್ ಮೇಲಕ್ಕೆ ತರಬೇಕು.

ಹೆಚ್ಚು ಜನ ಕೈಸುಟ್ಟುಕೊಳ್ಳುವುದು ದಾರದಲ್ಲಿ. ನೂರು ಬಣ್ಣದ ಪುಟ್ಟ ರೀಲುಗಳ ಡಬ್ಬಿ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ನೋಡುವುದಕ್ಕೂ ಚಂದ. ಮಷೀನಿಗೆ ಅದನ್ನು ಕೊಳ್ಳಬೇಡಿ. ಎಳೆ ಒಂದೆಡೆ ದಪ್ಪ, ಒಂದೆಡೆ ತೆಳು. ದಪ್ಪ ಗಂಟು ಸೂಜಿಯ ಕಣ್ಣಿನಲ್ಲಿ ಸಿಕ್ಕಿ ದಾರ ತುಂಡಾಗುತ್ತದೆ, ಮೇಲಿಂದ ಟೆನ್ಷನ್ ತಪ್ಪೆಂದು ತಿಳಿದು ತಿರುಪು ತಿರುಗಿಸಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತೇವೆ. ಕೈ ಹೊಲಿಗೆಗೆ, ಗುಂಡಿ ಹಾಕಲು ಆ ಡಬ್ಬಿ ನಡೆದೀತು. ಮಷೀನಿಗೆ ಹೆಸರಿರುವ ಕಂಪನಿಯ ಸ್ಪನ್ ಪಾಲಿಯೆಸ್ಟರ್, ಟಿಕೆಟ್ 120 (ದಾರದ ದಪ್ಪ ಹೇಳುವ ನಂಬರ್) ಕೇಳಿ. ಬ್ಲೌಸಿನಿಂದ ಯೂನಿಫಾರ್ಮ್ ತನಕ ಇದೊಂದೇ ಸಾಕು. ಕೊಳ್ಳುವ ಮೊದಲು ಒಂದು ಗೇಣು ದಾರವನ್ನು ಎರಡೂ ಕೈಬೆರಳಿಗೆ ಸುತ್ತಿ ಜಗ್ಗಿ. ಗಟ್ಟಿ ದಾರ ಬೆರಳು ಕೊರೆದು, ತಡೆದು, ಆಮೇಲೆ ಟಪ್ಪೆಂದು ಹರಿಯುತ್ತದೆ. ಕಳಪೆಯದು ಸದ್ದೇ ಇಲ್ಲದೆ ಬಿಟ್ಟುಕೊಳ್ಳುತ್ತದೆ.

ಬಣ್ಣ ಹೊಂದಿಸುವ ಕೆಲಸ ಅಂಗಡಿ ಇಲ್ಲದೆ ಆಗದು. ಬಟ್ಟೆಯ ತುಂಡು ಕೈಯಲ್ಲಿರಲಿ. ರೀಲನ್ನು ಹಾಗೇ ಬಟ್ಟೆಯ ಮೇಲಿಟ್ಟು ನೋಡಬೇಡಿ, ಸುತ್ತಿದ ದಾರ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಸ್ವಲ್ಪ ಬಿಚ್ಚಿ, ಒಂಟಿ ಎಳೆಯನ್ನು ಬಟ್ಟೆಯ ಮೇಲೆ ಮಲಗಿಸಿ, ಅಂಗಡಿಯ ಹೊಸ್ತಿಲಿಗೆ ಬಂದು ಹಗಲ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಬಣ್ಣ ಹೊರಗೆ ಬೇರೆಯಾಗುವುದು ಮಾಮೂಲು, ಮರೂನ್ ಮತ್ತು ನವಿಲು ಬಣ್ಣದಲ್ಲಂತೂ ಹೆಚ್ಚು. ಸರಿಯಾದ ಶೇಡ್ ಇಲ್ಲದಿದ್ದರೆ ಒಂದು ಮೆಟ್ಟಿಲು ಗಾಢವಾದದ್ದನ್ನು ಆರಿಸಿ, ತಿಳಿಯಾದದ್ದನ್ನಲ್ಲ. ಹೊಲಿಗೆಯಾದ ದಾರ ಸ್ವಲ್ಪ ತಿಳಿಯಾಗಿಯೇ ಕಾಣುತ್ತದೆ. ಕಪ್ಪಿನಲ್ಲೂ ಹುಷಾರು. ಕಪ್ಪಿಗೇನು ಮ್ಯಾಚಿಂಗ್ ಎಂದು ಕುಪ್ಯಕ್ಕೆ ಸಿಕ್ಕಿದ ದಾರ ಹಾಕಿದರೆ ಬಿಸಿಲಿಗೆ ಬಂದಾಗ ಬಟ್ಟೆ ನೀಲಿಗಪ್ಪು, ಹೊಲಿಗೆ ಹಸಿರುಗಪ್ಪು. ಮದುವೆ ಮನೆಯ ಅಂಗಳದಲ್ಲಿ ಅದು ಎದ್ದು ಕಾಣುತ್ತದೆ.

ಎಷ್ಟು ದಾರ ಬೇಕೆಂಬ ಲೆಕ್ಕವನ್ನೂ ಇಟ್ಟುಕೊಳ್ಳಿ, ಏಕೆಂದರೆ ಮುಗಿದ ಶೇಡ್ ಮತ್ತೆ ಸಿಗುವ ಭರವಸೆ ಈಗಿಲ್ಲ. ಸಾದಾ ಮಷೀನ್ ಹೊಲಿಗೆಗೆ ಮೇಲಿನದು, ಕೆಳಗಿನದು ಸೇರಿ, ಒಂದು ಮೀಟರ್ ಹೊಲಿಗೆಗೆ ಸುಮಾರು ಎರಡೂವರೆ ಮೀಟರ್ ದಾರ. ಲೈನಿಂಗ್ ಬ್ಲೌಸಿನಲ್ಲಿ 15 ಮೀಟರ್ ಹೊಲಿಗೆ ಬಿದ್ದರೆ ದಾರ 40 ಮೀಟರಿನ ಹತ್ತಿರ. ಮೂರು ದಾರದ ಓವರ್‌ಲಾಕ್ ಮಾತ್ರ ದಾರ ನುಂಗುತ್ತದೆ: ಮೀಟರಿಗೆ ಸುಮಾರು 14 ಮೀಟರ್. ಅದಕ್ಕೇ ಟೈಲರ್‌ಗಳು ಓವರ್‌ಲಾಕಿಗೆ ಕಪ್ಪು, ಬಿಳಿ, ಕ್ರೀಮ್, ಬೂದಿ ಬಣ್ಣದ ಕೋನ್ ಮಾತ್ರ ಇಟ್ಟುಕೊಳ್ಳುವುದು. ಒಳಗಿನ ಅಂಚಿಗೆ ಅಷ್ಟು ಸಾಕು, ಅಲ್ಲಿ ಮ್ಯಾಚಿಂಗ್‌ಗೆ ಹಟ ಹಿಡಿಯಬೇಡಿ.

ಲೈನಿಂಗ್ ಮತ್ತು ಫಾಲ್ ಆನ್‌ಲೈನ್‌ನಲ್ಲಿ ಬೇಡವೇ ಬೇಡ ಎನ್ನುವುದಕ್ಕೆ ಬಣ್ಣ ಒಂದು ಕಾರಣ, ಕುಗ್ಗುವುದು ಇನ್ನೊಂದು. ಹತ್ತಿ ಲೈನಿಂಗ್ ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ನೆನೆಸದೆ ಕತ್ತರಿಸಿದರೆ ಮೊದಲ ಒಗೆತದಲ್ಲೇ ಒಳಬಟ್ಟೆ ಬಿಗಿದು, ಮೇಲಿನ ರೇಷ್ಮೆ ಕಂಕುಳ ಹತ್ತಿರ ಸುಕ್ಕಾಗಿ ನಿಲ್ಲುತ್ತದೆ. ಇಸ್ತ್ರಿಯಿಂದ ಅದು ಹೋಗುವುದಿಲ್ಲ. ಅಂಗಡಿಯಲ್ಲಿ ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿ: ಬಿಳಿ ಪುಡಿ ಉದುರಿದರೆ ಗಂಜಿ ಹೆಚ್ಚು, ಒಗೆದ ಮೇಲೆ ಜಾಳಾಗುತ್ತದೆ. ತಂದದ್ದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಅರೆಹಸಿ ಇರುವಾಗಲೇ ಇಸ್ತ್ರಿ ಮಾಡಿ. ಫಾಲ್‌ಗೂ ಇದೇ ಕ್ರಮ. ನೆನೆಸಿದ ನೀರು ಬಣ್ಣ ಕಟ್ಟಿದರೆ ತಿಳಿಯಾಗುವ ತನಕ ನೀರು ಬದಲಿಸಿ, ಇಲ್ಲದಿದ್ದರೆ ತಿಳಿಬಣ್ಣದ ಸೀರೆಯ ಅಂಚಿಗೆ ಕಲೆ ಕೂರುತ್ತದೆ. ಎರಡೂವರೆ ಮೀಟರಿನಷ್ಟು ಇರುವ ಫಾಲನ್ನು ಮಾಮೂಲು ಸೀರೆಗೆ ಹಚ್ಚಿದ ಜಾಗದಲ್ಲೇ ಎಲ್ಲರಿಗೂ ಹಚ್ಚಿಬಿಡುವ ರೂಢಿ ಹೊರಗಿನ ಟೈಲರ್‌ಗಳಿಗಿದೆ. ನೆರಿಗೆಯನ್ನು ಹಿಂದಕ್ಕೆ ಹಾಕಿ, ಸೆರಗನ್ನು ಎಡಗೈ ಕೆಳಗಿನಿಂದ ತಂದು ಬಲಭುಜಕ್ಕೆ ಪಿನ್ ಮಾಡುವ ಕೊಡವ ಉಡುಗೆಗೆ ಅದು ಹೊಂದುತ್ತದೆಂದು ಹೇಳಲಾಗದು. ಒಮ್ಮೆ ಉಟ್ಟು, ನೆರಿಗೆಯ ಮೊದಲ ಮಡಿಕೆ ಮತ್ತು ಕೊನೆಯ ಮಡಿಕೆ ನೆಲಕ್ಕೆ ತಾಗುವ ಜಾಗಕ್ಕೆ ಚಾಕ್ ಗುರುತು ಹಾಕಿ ಕೊಡಿ.

ಸಂತೆಯನ್ನು ಕಡೆಗಣಿಸಬೇಡಿ. ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ. ಲಾಡಿ, ಪಿನ್ನು, ಗುಂಡಿ, ಲೇಸು, ಕೈಸೂಜಿ, ಇಂಚ್ ಟೇಪು ಇವಕ್ಕೆಲ್ಲ ಸಂತೆ ಸಾಕು. ಟೇಪನ್ನು ಮಾತ್ರ ಸ್ಟೀಲ್ ಸ್ಕೇಲಿನ ಪಕ್ಕ ಹಿಡಿದು, ಶುರುವಿನ 12 ಇಂಚು, ನಡುವಿನ 12 ಇಂಚು ಎರಡನ್ನೂ ನೋಡಿ. ಜಗ್ಗಿದ ಟೇಪಿನಿಂದ ಎದೆಯಳತೆ ಅರ್ಧ ಇಂಚು ತಪ್ಪಿದರೆ ಬ್ಲೌಸೇ ಹೋಯಿತು. ಎಲಾಸ್ಟಿಕ್ ಸಂತೆಯಲ್ಲಿ ಅಗ್ಗ, ಆದರೆ ಬಿಸಿಲಲ್ಲಿ ನೇತಾಡಿದ ಮಾಲಿನಲ್ಲಿ ರಬ್ಬರ್ ಸತ್ತಿರುತ್ತದೆ. ಒಂದು ಅಡಿಯನ್ನು ಎರಡರಷ್ಟು ಎಳೆದು ಕಿವಿಯ ಹತ್ತಿರ ಹಿಡಿಯಿರಿ. ಚಿಟಿಚಿಟಿ ಸದ್ದು ಬಂದರೆ, ಇಲ್ಲವೇ ಬಿಟ್ಟ ಮೇಲೆ ಮೊದಲಿಗಿಂತ ಉದ್ದವಾಗಿ ಉಳಿದರೆ ಬೇಡ. ಎಳೆದಾಗ ಅಗಲ ಕಿರಿದಾಗುವುದು ಹೆಣೆದ ಎಲಾಸ್ಟಿಕ್, ಅದನ್ನು ನೆಫೆಯೊಳಗೆ (ಲಾಡಿ ತೂರಿಸುವ ಮಡಿಕೆಯೊಳಗೆ) ತೂರಿಸಲು ಮಾತ್ರ ಬಳಸಿ. ಬಟ್ಟೆಗೆ ನೇರವಾಗಿ ಹೊಲಿಯಲು ಅಗಲ ಬದಲಾಗದ ನೇಯ್ದದ್ದೇ ಬೇಕು.

ಹುಕ್ಕಿಗೆ ಸಂತೆಗೆ ಹೋಗುವಾಗ ಸಣ್ಣ ಅಯಸ್ಕಾಂತವೊಂದು ಚೀಲದಲ್ಲಿರಲಿ. ಹೊಳೆಯುವ ಹುಕ್ಕೆಲ್ಲ ಹಿತ್ತಾಳೆಯಲ್ಲ. ಕಬ್ಬಿಣದ ಮೇಲೆ ಲೇಪ ಕೊಟ್ಟದ್ದು ಅಯಸ್ಕಾಂತಕ್ಕೆ ಅಂಟುತ್ತದೆ, ಹಿತ್ತಾಳೆ ಅಂಟುವುದಿಲ್ಲ. ಬಯಲುಸೀಮೆಯಲ್ಲಿ ಲೇಪದ ಹುಕ್ಕು ನಡೆದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದೇ ದುಸ್ತರವಾದ ಇಲ್ಲಿ, ದಾರ ಉಜ್ಜಿದ ಕಡೆ ಲೇಪ ಹೋಗಿ ತುಕ್ಕು ಬರುತ್ತದೆ, ತುಕ್ಕಿನ ಕಲೆ ರೇಷ್ಮೆಗೆ ಹತ್ತಿದರೆ ಸುಲಭಕ್ಕೆ ಬಿಡದು. ಒಂದು ಹುಕ್ಕನ್ನು ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಲ್ಲಿ ಸುತ್ತಿ ಎರಡು ದಿನ ಬಿಟ್ಟರೂ ಬಣ್ಣ ಗೊತ್ತಾಗುತ್ತದೆ. ಮಳೆಗಾಲಕ್ಕೆ ಸೂಜಿ, ಹುಕ್ಕು, ಟಿಚ್ ಬಟನ್, ಕತ್ತರಿ ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಸೂಜಿಗೆ ಮಷೀನ್ ಎಣ್ಣೆಯ ಪಸೆ ಇರಲಿ, ಹೊಲಿಯುವ ಮುಂಚೆ ಹಳೇ ಬಟ್ಟೆಯ ಮೇಲೆ ನಾಲ್ಕು ಗೆರೆ ಓಡಿಸಿ.

ಪೇಟೆಯಲ್ಲಿ ಉಳಿದಿರುವ ಫ್ಯಾನ್ಸಿ ಸ್ಟೋರ್‌ಗಳ ಬಗ್ಗೆ ಗೌರವದಿಂದಲೇ ಹೇಳಬೇಕು. ಶೇಡ್ ಕಡಿಮೆ, ಸೂಜಿ ನಂಬರ್ ಇಲ್ಲ ಎಂಬುದು ನಿಜ. ಆದರೆ ಎರಡೇ ಗುಂಡಿ, ಒಂದೇ ಮೀಟರ್ ಲೇಸು, ಅರ್ಧ ಮೀಟರ್ ಬಕ್ರಮ್ ಕೊಡುವವರು ಇವರೊಬ್ಬರೇ. ಆನ್‌ಲೈನ್‌ನಲ್ಲಿ ಒಂದು ಗುಂಡಿ ಕಳೆದುಹೋದದ್ದಕ್ಕೆ ಐವತ್ತು ಗುಂಡಿಯ ಪೊಟ್ಟಣ ತರಿಸಬೇಕು, ಅದರ ಮೇಲೆ ಸಾಗಣೆ ಖರ್ಚು. ಬೇಕಾದ ಸಾಮಾನಿನ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟರೆ ಮುಂದಿನ ಸಲ ಮಾಲು ತರುವಾಗ ತಂದುಕೊಡಲು ಬಹಳ ಅಂಗಡಿಯವರು ಒಪ್ಪುತ್ತಾರೆ. ಅಕ್ಕಪಕ್ಕದ ನಾಲ್ಕು ಜನ ಹೊಲಿಯುವವರು ಕೂಡಿ ಒಂದೇ ಚೀಟಿ ಕೊಟ್ಟರೆ ಅವರಿಗೂ ಮಾಲು ಕೂರುವ ಭಯವಿಲ್ಲ. ಕೇಳಿ ತರಿಸಿದ್ದನ್ನು ಬಿಟ್ಟು ಹೋಗುವುದು ಮಾತ್ರ ಮಾಡಬೇಡಿ, ಅಂಗಡಿಯವರು ಮತ್ತೆ ತರಿಸುವುದನ್ನೇ ಬಿಟ್ಟುಬಿಡುವುದು ಆಗಲೇ.

ಮೈಸೂರು ಮಡಿಕೇರಿಯಿಂದ ಸುಮಾರು 120 ಕಿ.ಮೀ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದ ಕಾರಣ ಖರ್ಚಿನ ಮಾತು ಹೋಯಿತು, ಉಳಿದದ್ದು ಒಂದು ಇಡೀ ದಿನದ ಮಾತು. ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆಯ ಸುತ್ತಲಿನ ಬೀದಿಗಳಲ್ಲಿ ಲೈನಿಂಗ್, ದಾರ, ಲೇಸು ಒಂದೇ ಸುತ್ತಿಗೆ ಮುಗಿಯುತ್ತದೆ. ಆ ದಿನವನ್ನು ಹಾಳು ಮಾಡಿಕೊಳ್ಳದಿರಲು ಸರಳ ಉಪಾಯ: ವರ್ಷವಿಡೀ ಹೊಲಿದ ಪ್ರತಿ ಬಟ್ಟೆಯ ಎರಡಿಂಚು ತುಂಡನ್ನು ರಟ್ಟಿಗೆ ಅಂಟಿಸಿ, ಪಕ್ಕದಲ್ಲಿ ಏನು ಬೇಕು, ಎಷ್ಟು ಬೇಕು ಎಂದು ಬರೆಯುತ್ತಾ ಹೋಗಿ. ಫೋನಿನ ಫೋಟೋ ತೋರಿಸಿ ಬಣ್ಣ ಕೇಳಬೇಡಿ. ಶಾಲೆ ಶುರುವಾಗುವ ಮುಂಚಿನ ಮೇ ಕೊನೆಯ ವಾರ ಮತ್ತು ಪುತ್ತರಿ ಹಬ್ಬದ ಹಿಂದಿನ ದಿನಗಳಲ್ಲಿ ಹೋಗುವುದಕ್ಕಿಂತ ಫೆಬ್ರವರಿಯಲ್ಲಿ ಹೋದರೆ ಅಂಗಡಿಯವರಿಗೆ ಶೇಡ್ ಹುಡುಕಿಕೊಡಲು ಪುರುಸೊತ್ತಿರುತ್ತದೆ. ವಿರಾಜಪೇಟೆ, ಗೋಣಿಕೊಪ್ಪದವರಿಗೆ ತಿತಿಮತಿ, ಹುಣಸೂರು ದಾರಿಯೇ ಸಲೀಸು.

ಆನ್‌ಲೈನ್ ತರಿಸುವವರಿಗೆ ಎರಡು ಮಾತು. ತೋಟದೊಳಗಿನ ಮನೆಗೆ ಖಾಸಗಿ ಕೊರಿಯರ್‌ನವರು ಬರುವುದು ಅಪರೂಪ, ಪೇಟೆಗೆ ಬಂದು ತೆಗೆದುಕೊಂಡು ಹೋಗಿ ಎಂದು ಫೋನ್ ಬರುತ್ತದೆ. ಅಂಚೆಯಲ್ಲಿ ಕಳಿಸುವ ಮಾರಾಟಗಾರರಿದ್ದರೆ ಅವರನ್ನೇ ಆರಿಸಿ, ಊರಿನ ಅಂಚೆ ಕಚೇರಿ ತನಕ ಬರುತ್ತದೆ. ಜುಲೈ, ಆಗಸ್ಟಿನಲ್ಲಿ ಮರ ಬಿದ್ದು, ಬರೆ ಜರಿದು ರಸ್ತೆ ನಿಲ್ಲುವುದರಿಂದ ಸೆಪ್ಟೆಂಬರಿನ ಕೈಲ್‌ಪೋದ್ ಹಬ್ಬಕ್ಕೆ ಬೇಕಾದದ್ದನ್ನು ಜೂನ್ ಮೊದಲ ವಾರದೊಳಗೆ ತರಿಸಿಕೊಳ್ಳಿ.

ತುಳಿಯುವ ಮಷೀನಿನ ಚರ್ಮದ ಬೆಲ್ಟನ್ನೂ ಅದೇ ಪಟ್ಟಿಗೆ ಸೇರಿಸಿ. ಉದ್ದ ಸುಮಾರು 72 ಇಂಚು, ಮೇಲಿನ ಚಕ್ರ, ಕೆಳಗಿನ ಚಕ್ರ ಸುತ್ತಿ ದಾರದಿಂದ ಅಳೆದು ನೋಡಿಯೇ ಆರ್ಡರ್ ಕೊಡಿ. ತೇವ ಕುಡಿದ ಚರ್ಮ ಹಿಗ್ಗುತ್ತದೆ, ಚಕ್ರ ಜಾರುತ್ತದೆ, ಕಾಲು ತುಳಿದಷ್ಟು ಸೂಜಿ ಓಡುವುದಿಲ್ಲ. ಆಗ ಅರ್ಧ ಇಂಚು ಕತ್ತರಿಸಿ, ಹೊಸ ತೂತು ಕೊರೆದು, ಅದೇ ತಂತಿ ಕೊಕ್ಕೆಯಲ್ಲಿ ಕೂಡಿಸಿದರೆ ಸಾಕು. ಒಂದೇ ಸಲ ಒಂದಿಂಚು ತೆಗೆಯಬೇಡಿ: ಜನವರಿಯ ಒಣಹವೆಗೆ ಚರ್ಮ ಮತ್ತೆ ಬಿಗಿದು ಪೆಡಲ್ ಭಾರವಾಗುತ್ತದೆ, ಕೊಕ್ಕೆಯ ಜಾಗದಲ್ಲೇ ಬೆಲ್ಟ್ ಹರಿಯುತ್ತದೆ.